ಎರಡು ನೋಟ್‌ಬುಕ್‌ಗಳ ನಡುವೆ ಬಿದ್ದ 600

ಇಪ್ಪತ್ಮೂರನೆಯ ದಿನ ಆ ಹುಡುಗಿ ಶಿಕ್ಷಕರ ಕೊಠಡಿಗೆ ಬಂದು ಎರಡು ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟಳು. ಒಂದು, ಕ್ಯಾಲೆಂಡರ್ ಮಾಡಿಸಿ ಮಾರುತ್ತಿದ್ದ ಅವರ ವಿದ್ಯಾರ್ಥಿ ತಂಡದ ಲಾಭ-ನಷ್ಟ ಖಾತೆ. ಕೊನೆಯ ಸಾಲಿನಲ್ಲಿ ಲಾಭ 260 ಎಂದು ಎರಡು ಗೆರೆ ಎಳೆದು ಬರೆದಿತ್ತು. ಇನ್ನೊಂದು ಮುದ್ರಣಾಲಯದ ಬಿಲ್ಲು. ಇನ್ನು ಏಳು ದಿನಗಳಲ್ಲಿ 600 ಕಟ್ಟಬೇಕು.

"ಸರ್, ಪೆಟ್ಟಿಗೆಯಲ್ಲಿ ಇರುವುದು 250 ಮಾತ್ರ. ಎರಡು ಸಲ ಎಣಿಸಿದೆ. ಲಾಭ ಬಂದಿದೆ, ಅಢಾವೆ ಪತ್ರಿಕೆಯೂ (ಬ್ಯಾಲೆನ್ಸ್ ಶೀಟ್) ತಾಳೆಯಾಗಿದೆ. ಹಾಗಾದರೆ ದುಡ್ಡು ಎಲ್ಲಿ ಹೋಯಿತು?"

ಕೇಳಿದವಳು ಹಿಂದಿನ ಬೆಂಚಿನ ವಿದ್ಯಾರ್ಥಿನಿಯಾಗಿದ್ದರೆ ನಾನು ಐದು ನಿಮಿಷದಲ್ಲಿ ಉತ್ತರ ಹೇಳಿ ಕಳುಹಿಸುತ್ತಿದ್ದೆನೇನೋ. ಇವಳು ವ್ಯವಹಾರ ಅಧ್ಯಯನದಲ್ಲೂ ಲೆಕ್ಕಶಾಸ್ತ್ರದಲ್ಲೂ ತರಗತಿಗೇ ಮೊದಲಿಗಳು. ಎರಡೂ ವಿಷಯಗಳಲ್ಲಿ ಅವಳು ಕಲಿಯಬೇಕಾದದ್ದನ್ನೆಲ್ಲ ಕಲಿತಿದ್ದಳು. ಅಂಥವಳಿಗೇ ಈ ಪ್ರಶ್ನೆ ಬಂದಿತೆಂದರೆ ತಪ್ಪು ಅವಳ ಕಲಿಕೆಯಲ್ಲಿ ಇರಲಿಲ್ಲ, ನಾವು ಕಲಿಸಿದ ರೀತಿಯಲ್ಲಿತ್ತು. ಈ ಪ್ರಕರಣವನ್ನು ಬರೆದಿಡಲು ಅದೇ ಕಾರಣ. ಮೊತ್ತಗಳನ್ನೆಲ್ಲ ಇಲ್ಲಿ ಬರಿಯ ಏಕಮಾನಗಳಾಗಿ ಕೊಟ್ಟಿದ್ದೇನೆ. ಯಾವ ನಾಣ್ಯದ ಹೆಸರು ಹಚ್ಚಿಕೊಂಡರೂ ಲೆಕ್ಕ ಬದಲಾಗುವುದಿಲ್ಲ.

ನಡೆದದ್ದು

ಶಾಲೆಯ ಕೊನೆಯ ಎರಡು ವರ್ಷಗಳಲ್ಲಿ ವ್ಯವಹಾರ ಅಧ್ಯಯನವನ್ನು ಆಯ್ದುಕೊಂಡವರು ಒಂದು ಕಿರು ಉದ್ಯಮವನ್ನು ನಿಜವಾಗಿಯೂ ನಡೆಸಿ ವರದಿ ಕೊಡಬೇಕು ಎಂಬುದು ನಮ್ಮಲ್ಲಿ ಇದ್ದ ಏರ್ಪಾಡು. ಈ ತಂಡದಲ್ಲಿ ಆರು ಮಂದಿ. ತಲಾ 100ರಂತೆ 600 ಬಂಡವಾಳ ಕೂಡಿಸಿದರು. ಮೇಜಿನ ಮೇಲಿಡುವ ಕ್ಯಾಲೆಂಡರ್ ಮಾಡಿಸಿ ಮಾರುವುದೆಂದು ತೀರ್ಮಾನಿಸಿದರು. ಚಿತ್ರಗಳನ್ನು ತಾವೇ ಬರೆದರು. ಅವು ಚೆನ್ನಾಗಿಯೇ ಇದ್ದವು.

ಮುದ್ರಣಕ್ಕೆ ಸಿದ್ಧಪಡಿಸುವ ಖರ್ಚು 300. ಇದು ಒಂದು ಪ್ರತಿ ಅಚ್ಚಾದರೂ ಅಷ್ಟೇ, ಸಾವಿರ ಅಚ್ಚಾದರೂ ಅಷ್ಟೇ. ಅದರ ಮೇಲೆ ಪ್ರತಿಯೊಂದಕ್ಕೆ 6. ಮಾರಾಟ ಬೆಲೆ 10. ಅಂದರೆ ಒಂದು ಪ್ರತಿ ಮಾರಿದರೆ 4 ಉಳಿಯುತ್ತದೆ. 300ನ್ನು 4ರಿಂದ ಭಾಗಿಸಿದರೆ 75. ಎಪ್ಪತ್ತೈದು ಪ್ರತಿ ಮಾರಿದ ಮೇಲೆ ಹೀಗೆ ಉಳಿಯುವುದೆಲ್ಲ ಲಾಭ. ಲಾಭವೂ ಇಲ್ಲದ ನಷ್ಟವೂ ಇಲ್ಲದ ಹಂತವನ್ನು ಹುಡುಕುವ ಈ ಬ್ರೇಕ್ ಈವನ್ ಲೆಕ್ಕವನ್ನು ಅವರು ನಕ್ಷೆಯೊಂದಿಗೆ, ಬಣ್ಣದ ಪೆನ್ಸಿಲಿನಲ್ಲಿ, ಅಂದವಾಗಿ ಬರೆದು ತಂದಿದ್ದರು. ನಾನು ಪಕ್ಕದಲ್ಲಿ 'ಉತ್ತಮ' ಎಂದು ಬರೆದೆ.

150 ಪ್ರತಿಗಳಿಗೆ ಆದೇಶ ಕೊಟ್ಟರು. ಒಟ್ಟು 1200, ಅರ್ಧ ಮುಂಗಡ, ಉಳಿದರ್ಧ ಪ್ರತಿಗಳು ಕೈಸೇರಿ ಮೂವತ್ತು ದಿನಗಳಾಗುವುದರೊಳಗೆ. ಕೂಡಿಸಿದ ಬಂಡವಾಳವೆಲ್ಲ ಮುಂಗಡಕ್ಕೇ ಹೋಯಿತು. ಹೊಸ ವರ್ಷಕ್ಕೆ ಸರಿಯಾಗಿ ನಾಲ್ಕು ವಾರ ಇರುವಾಗ ಕಟ್ಟು ಬಂದಿಳಿಯಿತು. ಆ ದಿನವನ್ನೇ ಇಲ್ಲಿ ಮೊದಲ ದಿನವೆಂದು ಎಣಿಸುತ್ತಿದ್ದೇನೆ.

ಮಾರಾಟದ ಹೊಣೆ ಹೊತ್ತವನು ಮಾತಿನ ಮಲ್ಲ. ಎರಡೇ ವಾರಗಳಲ್ಲಿ 140 ಪ್ರತಿಗಳು ಹೋದವು. ಅವುಗಳಲ್ಲಿ ನಗದಿಗೆ ಹೋದವು 40. ಉಳಿದ ನೂರನ್ನೂ ಅವನು ಉದ್ರಿ ಕೊಟ್ಟಿದ್ದ. "ಆಮೇಲೆ ಕೊಡಿ, ಪರವಾಗಿಲ್ಲ" ಎಂಬುದು ಅವನ ವ್ಯಾಪಾರದ ಮಂತ್ರ. ಶಿಕ್ಷಕರ ಕೊಠಡಿಗೂ ಬಂದಿದ್ದ. ನಮ್ಮಲ್ಲಿ ಹಲವರು ತೆಗೆದುಕೊಂಡೆವು. ಯಾರ ಬಳಿ ಎಷ್ಟು ಬಾಕಿ ಎಂಬ ಪಟ್ಟಿ ಅವನ ಬಳಿ ಇತ್ತು. ಯಾವಾಗ ಕೊಡಬೇಕು ಎಂಬುದು ಮಾತ್ರ ಆ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ.

ಹದಿನಾರನೆಯ ದಿನ ಇನ್ನೂ 50 ಪ್ರತಿಗಳಿಗೆ ಆದೇಶ ಕೊಡಲು ಅನುಮತಿ ಕೇಳಿಕೊಂಡು ಬಂದರು. ಸಿದ್ಧತೆಯ ಖರ್ಚು ಈ ಸಲ ಇಲ್ಲ, ಆದ್ದರಿಂದ ಪ್ರತಿಯೊಂದರಲ್ಲೂ 4 ನೇರ ಲಾಭ ಎಂದು ವಾದಿಸಿದರು. ವಾದ ಪಠ್ಯಪುಸ್ತಕದ ಪ್ರಕಾರ ನಿಕ್ಕಿಯಾಗಿತ್ತು. ನಾನು ಸಹಿ ಹಾಕಿದೆ. ಮುಂಗಡ 150 ಹೋಯಿತು. ಪೆಟ್ಟಿಗೆಯಲ್ಲಿ 250 ಉಳಿಯಿತು.

ಒಂದೇ ಸಂಗತಿಗೆ ಎರಡು ಹೆಸರು

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅವಳ ಅಢಾವೆ ಪತ್ರಿಕೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಆಸ್ತಿಯ ಕಡೆ: ನಗದು 250, ಬರಬೇಕಾದ ಬಾಕಿ 1000, ಉಳಿದ ಹತ್ತು ಪ್ರತಿಗಳ ದಾಸ್ತಾನು 60, ಎರಡನೆಯ ಆದೇಶದ ಮುಂಗಡ 150. ಒಟ್ಟು 1460. ಹೊಣೆಯ ಕಡೆ: ಬಂಡವಾಳ 600, ಲಾಭ 260, ಮುದ್ರಣಾಲಯಕ್ಕೆ ಕೊಡಬೇಕಾದದ್ದು 600. ಒಟ್ಟು 1460. ಎರಡೂ ಕಡೆ ಸಮ ಬಂದಾಗ ಆಗುವ ಆನಂದ ಎಂಥದೆಂದು ಈ ವಿಷಯ ಓದಿದವರಿಗೆಲ್ಲ ಗೊತ್ತು. ಇಟಲಿಯ ಗಣಿತಜ್ಞ ಲೂಕಾ ಪಚೋಲಿ 1494ರಲ್ಲಿ ವೆನಿಸ್‌ನಲ್ಲಿ, ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದು ಪದ್ಧತಿಯನ್ನು ವಿವರಿಸಿ ಅಚ್ಚು ಹಾಕಿಸಿದಂದಿನಿಂದಲೂ ಲೆಕ್ಕ ಬರೆಯುವವರು ಆ ಆನಂದದ ಬೆನ್ನು ಹತ್ತಿದ್ದಾರೆ. ಆದರೆ ತಾಳೆಯಾಗುವುದೆಂದರೆ ನಮೂದುಗಳು ಜೋಡಿಯಾಗಿ ಬಿದ್ದಿವೆ ಎಂದಷ್ಟೇ ಅರ್ಥ. ಯಾವ ಮೊತ್ತ ಯಾವ ತಾರೀಖಿಗೆ ಕೈಗೆ ಬರುತ್ತದೆ, ಯಾವುದು ಯಾವ ತಾರೀಖಿಗೆ ಕೈಬಿಟ್ಟು ಹೋಗಬೇಕು ಎಂಬುದನ್ನು ಆ ಹಾಳೆ ಹೇಳುವುದಿಲ್ಲ.

ನಾನು ಆ ಸಂಜೆ ಅವಳ ಎರಡು ಉತ್ತರ ಪತ್ರಿಕೆಗಳನ್ನು ಹುಡುಕಿ ತೆಗೆದೆ. ಎರಡೂ ಅದೇ ತಿಂಗಳ ಕಿರು ಪರೀಕ್ಷೆಗಳದ್ದು. ನನ್ನ ವಿಷಯವಾದ ವ್ಯವಹಾರ ಅಧ್ಯಯನದಲ್ಲಿ ಉದ್ರಿ ಮಾರಾಟದ ಅನುಕೂಲಗಳನ್ನು ಕೇಳಿದ್ದೆ. ಮಾರಾಟ ಹೆಚ್ಚುತ್ತದೆ, ಗ್ರಾಹಕರ ನಂಟು ಬೆಳೆಯುತ್ತದೆ, ಪೈಪೋಟಿಯಲ್ಲಿ ಮೇಲುಗೈಯಾಗುತ್ತದೆ ಎಂದು ಮುಂತಾಗಿ ಐದು ಅಂಶ ಬರೆದಿದ್ದಳು. ಪೂರ್ಣ ಅಂಕ, ಕೊಟ್ಟವನು ನಾನೇ. ಲೆಕ್ಕಶಾಸ್ತ್ರದಲ್ಲಿ ಬರಬೇಕಾದ ಬಾಕಿ ಚಾಲ್ತಿ ಆಸ್ತಿ, ಅಂದರೆ ಬೇಗ ನಗದಾಗುವ ಆಸ್ತಿ, ಎಂದು ಸರಿಯಾದ ಕಡೆಗೆ ಬರೆದಿದ್ದಳು. ಅಲ್ಲೂ ಪೂರ್ಣ ಅಂಕ.

ಉದ್ರಿ ನನ್ನ ನೋಟ್‌ಬುಕ್ಕಿನಲ್ಲಿ ಮಾರಾಟದ ತಂತ್ರ. ಲೆಕ್ಕಶಾಸ್ತ್ರ ಕಲಿಸುವ ಸಹೋದ್ಯೋಗಿಯ ನೋಟ್‌ಬುಕ್ಕಿನಲ್ಲಿ ಆಸ್ತಿ. ಎರಡು ಕಡೆಯೂ ಒಳ್ಳೆಯ ಮಾತೇ! ಅದು ನಿಜವಾಗಿ ಏನೆಂದರೆ, ತಂಡದ ಆರು ಮಂದಿ ತಮ್ಮಲ್ಲಿಲ್ಲದ ಹಣವನ್ನು ಮುದ್ರಣಾಲಯದಿಂದ ತಂದು ನೂರು ಮಂದಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟಿದ್ದರು. ಮುದ್ರಣಾಲಯ ಗಡುವು ಹಾಕಿತ್ತು, ಇವರು ಹಾಕಿರಲಿಲ್ಲ. ಈ ವಾಕ್ಯವನ್ನು ಬರೆಯಲು ಎರಡೂ ನೋಟ್‌ಬುಕ್ಕುಗಳು ಒಂದೇ ಮೇಜಿನ ಮೇಲೆ ತೆರೆದಿರಬೇಕು. ನಮ್ಮಲ್ಲಿ ಅವು ಬೇರೆ ಬೇರೆ ಗಂಟೆಗಳಲ್ಲಿ, ಬೇರೆ ಬೇರೆ ಶಿಕ್ಷಕರ ಮುಂದೆ ತೆರೆದುಕೊಳ್ಳುತ್ತಿದ್ದವು. ದುಡಿಯುವ ಬಂಡವಾಳ, ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣ, ಎಂಬ ಪಾಠ ಇದ್ದೇ ಇತ್ತು, ಇಲ್ಲವೆಂದಲ್ಲ. ಆದರೆ ಅದು ಪುಸ್ತಕದ ಎರಡನೆಯ ಅರ್ಧದಲ್ಲಿ, ಕ್ಯಾಲೆಂಡರ್ ಮಾರಿ ಮುಗಿದ ಮೇಲೆ ಬರುವಂತಿತ್ತು.

ಇದರಲ್ಲಿ ಒಂದು ತಮಾಷೆಯೂ ಇದೆ. ನಿರ್ವಹಣೆಯ ಬಗ್ಗೆ ಬರೆದ ಫ್ರಾನ್ಸಿನ ಹೆನ್ರಿ ಫಯೋಲ್ ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಹದಿನಾಲ್ಕು ತತ್ವಗಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಒಪ್ಪಿಸುತ್ತಾರೆ. ಆ ತತ್ವಗಳಿರುವ, 1916ರಲ್ಲಿ ಪ್ರಕಟವಾದ ಬರಹದಲ್ಲೇ ಫಯೋಲ್ ಯಾವುದೇ ಉದ್ಯಮದ ಚಟುವಟಿಕೆಗಳನ್ನು ಆರು ಗುಂಪುಗಳಾಗಿ ವಿಂಗಡಿಸುತ್ತಾರೆ: ತಾಂತ್ರಿಕ, ವಾಣಿಜ್ಯ, ಹಣಕಾಸು, ಭದ್ರತೆ, ಲೆಕ್ಕಪತ್ರ, ಆಡಳಿತ. ಹಣಕಾಸು ಬೇರೆ, ಲೆಕ್ಕಪತ್ರ ಬೇರೆ! ಹಣವನ್ನು ಹೊಂದಿಸುವುದು ಒಂದು ಕೆಲಸ, ಆದದ್ದನ್ನು ಬರೆದಿಡುವುದು ಇನ್ನೊಂದು. ಗಣಿ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿ ದೊಡ್ಡ ಗಣಿ ಕಂಪನಿಯನ್ನೇ ದಶಕಗಳ ಕಾಲ ನಡೆಸಿದ ಮನುಷ್ಯನಿಗೆ ಆ ವ್ಯತ್ಯಾಸ ಅನುಭವದಿಂದ ಗೊತ್ತಿತ್ತು. ಈ ತಂಡ ಖಜಾಂಚಿ ಎಂಬ ಒಂದೇ ಹುದ್ದೆಯಲ್ಲಿ ಎರಡನ್ನೂ ಇಟ್ಟು, ಎರಡನೆಯದನ್ನು ಮಾತ್ರ ಮಾಡಿತ್ತು. ಹದಿನಾಲ್ಕು ತತ್ವಗಳು ಪರೀಕ್ಷೆಗೆ ಬರುತ್ತವೆ. ಈ ಆರು ಬರುವುದು ಅಪರೂಪ. ಆದ್ದರಿಂದ ನಾನೂ ಅವುಗಳ ಮೇಲೆ ನಿಲ್ಲದೆ ದಾಟಿಬಿಟ್ಟಿದ್ದೆ.

ಏಳು ದಿನ

ಇಪ್ಪತ್ನಾಲ್ಕನೆಯ ದಿನ ಆರು ಮಂದಿಯನ್ನೂ ಕೂರಿಸಿದೆ. ಉತ್ತರ ಹೇಳುವುದಿಲ್ಲವೆಂದು ಮೊದಲೇ ನಿಶ್ಚಯಿಸಿದ್ದೆ. ಅದು ಬೋಧನೆಯ ತಂತ್ರವೇನೂ ಅಲ್ಲ. ಎರಡನೆಯ ಆದೇಶಕ್ಕೆ ಸಹಿ ಹಾಕಿದವನಿಗೆ ಉಪದೇಶ ಮಾಡಲು ನಾಲಿಗೆ ಏಳಲಿಲ್ಲ, ಅಷ್ಟೆ.

ಮೊದಲ ಸಲಹೆ ಮಾರಾಟದ ಹುಡುಗನದು. ಕೊರತೆ 350, ತಲಾ ಅರವತ್ತರ ಸುಮಾರು ಮತ್ತೆ ಹಾಕಿದರೆ ಮುಗಿಯಿತು. ಇಬ್ಬರು ತಲೆ ತಗ್ಗಿಸಿ ಕುಳಿತರು. ಮನೆಯಲ್ಲಿ ಎರಡನೆಯ ಸಲ ಕೇಳಲು ಅವರಿಗೆ ಸಾಧ್ಯವಿರಲಿಲ್ಲ. ಅದನ್ನು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹುಡುಗಿಯೇ "ಬೇರೆ ದಾರಿ ನೋಡೋಣ" ಎಂದು ಮಾತು ತಿರುಗಿಸಿದಳು. ಬಂಡವಾಳದ ಮೂಲಗಳು ಎಂಬ ಅಧ್ಯಾಯದಲ್ಲಿ ಸ್ವಂತ ಬಂಡವಾಳಕ್ಕೆ ಮರುಪಾವತಿಯ ಹೊರೆ ಇಲ್ಲ ಎಂದು ಅನುಕೂಲಗಳ ಪಟ್ಟಿಯಲ್ಲಿ ಬರೆಯುತ್ತೇವೆ. ಅದು ಎಲ್ಲರ ಬಳಿಯೂ ಒಂದೇ ಸಮನಾಗಿ ಇರುವುದಿಲ್ಲ ಎಂದು ಬರೆಯುವುದಿಲ್ಲ.

ಎರಡನೆಯದು, ಮುದ್ರಣಾಲಯದಿಂದ ಇನ್ನಷ್ಟು ದಿನ ಕೇಳುವುದು. ನಾನು ಹೋಗಿ ಮಾತನಾಡಲೇ ಎಂದೆ. ಬೇಡವೆಂದು ಅವರೇ ಹೋದರು. ಮಾಲೀಕರು ಕೂರಿಸಿ ಮಾತನಾಡಿಸಿದರಂತೆ, ಆದರೆ ಒಪ್ಪಲಿಲ್ಲ. ಕಾಗದ ಕೊಟ್ಟವರಿಗೆ ತಾವೂ ಗಡುವಿಗೆ ಸರಿಯಾಗಿ ಕೊಡಬೇಕು ಎಂದರು. ಮೊದಲ ಬಾಕಿ ತೀರುವವರೆಗೆ ಎರಡನೆಯ ಕಟ್ಟನ್ನು ಬಿಡುವುದಿಲ್ಲ ಎಂದೂ ಹೇಳಿದರು. ಹುಡುಗಿ ಹಿಂದಿರುಗಿ ಬಂದು ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ: "ಸರ್, ಅವರ ಪುಸ್ತಕದಲ್ಲಿ ನಾವೂ ಒಂದು ಆಸ್ತಿ."

ಆದೇಶ ರದ್ದು ಮಾಡೋಣವೆಂದರೆ ಪ್ರತಿಗಳು ಆಗಲೇ ಅಚ್ಚಾಗಿದ್ದವು.

ಉಳಿದದ್ದು ವಸೂಲಿ. ಮೂರು ದಿನಗಳೊಳಗೆ ಕೊಟ್ಟವರಿಗೆ ಹತ್ತರಲ್ಲಿ ಒಂದು ಬಿಟ್ಟುಕೊಡುವುದೆಂದು ಠರಾವಾಯಿತು. ಇದರ ಬಗ್ಗೆ ಅವರಲ್ಲಿ ಜಗಳವೇ ಆಯಿತು. ಆಗಲೇ ಮಾರಿದ ವಸ್ತುವಿಗೆ, ಕೊಡಲೇಬೇಕಾದ ಹಣಕ್ಕೆ, ರಿಯಾಯಿತಿ ಯಾಕೆ ಎಂದು ಮಾರಾಟದ ಹುಡುಗ ಕೂಗಾಡಿದ. ಪುಗಸಟ್ಟೆ ಒಂದು ಕಳೆದುಕೊಳ್ಳುವುದಲ್ಲ ಇದು, ಏಳು ದಿನದ ಗಡುವಿನಲ್ಲಿ ಒಂಬತ್ತನ್ನು ಕೊಳ್ಳುವುದು ಎಂದು ಹುಡುಗಿ ಹೇಳಿದಳು. ಯಾವ ಪುಸ್ತಕದಲ್ಲೂ ಅದು ಹಾಗೆ ಇಲ್ಲ. ನಗದು ರಿಯಾಯಿತಿಯನ್ನು ಅವಳು ಎಷ್ಟೋ ಸಲ ಖಾತೆಗೆ ಬರೆದಿದ್ದಳು. ಅದು ಯಾಕೆ ಇದೆ ಎಂದು ಅವಳಿಗೆ ಹೊಳೆದದ್ದು ಆ ಜಗಳದ ನಡುವೆ ಎಂದು ನನ್ನ ಎಣಿಕೆ.

ಹುಡುಗನ ಪರವಾಗಿಯೂ ಒಂದು ಮಾತು ಹೇಳಬೇಕು. ಅವನನ್ನು ಎಲ್ಲರೂ ದೂರಿದಾಗ ಅವನು, "ಉದ್ರಿ ಕೊಡದೆ ಇದ್ದಿದ್ದರೆ ಆ ನೂರರಲ್ಲಿ ಎಷ್ಟು ಹೋಗುತ್ತಿದ್ದವು, ಹೇಳಿ" ಎಂದು ಕೇಳಿದ. ಯಾರಿಗೂ ಹೇಳಲಾಗಲಿಲ್ಲ. ನಗದಿಗೆ ಹೋದವು ನಲವತ್ತು. ಎಪ್ಪತ್ತೈದನ್ನು ಮುಟ್ಟಲು ಇನ್ನೂ ಮೂವತ್ತೈದು ಬೇಕಿತ್ತು. ಉದ್ರಿ ಕೊಟ್ಟದ್ದು ತಪ್ಪಲ್ಲ, ತಾರೀಖು ಹಾಕದೆ ಕೊಟ್ಟದ್ದು ತಪ್ಪು. ಮುದ್ರಣಾಲಯದ ಬಿಲ್ಲಿನಲ್ಲಿ ತಾರೀಖು ಹೇಗೆ ಬರೆದಿರುತ್ತದೆಂದು ಅವನಿಗೆ ತೋರಿಸಿದವರು ಯಾರೂ ಇರಲಿಲ್ಲ. ಬಿಲ್ಲು ಖಜಾಂಚಿಯ ಕಡತದಲ್ಲಿತ್ತು.

ಅರವತ್ತು ಮಂದಿ ಮೂರು ದಿನಗಳೊಳಗೆ ಕೊಟ್ಟರು. 540 ಬಂತು. 250ಕ್ಕೆ ಕೂಡಿಸಿ 790. ಅದರಲ್ಲಿ 600 ಮುದ್ರಣಾಲಯಕ್ಕೆ ಹೋಗಿ 190 ಉಳಿಯಿತು. ಎರಡನೆಯ ಕಟ್ಟು ಬರುವ ಹೊತ್ತಿಗೆ ಹೊಸ ವರ್ಷ ಹುಟ್ಟಿ ನಾಲ್ಕು ದಿನಗಳಾಗಿದ್ದವು. ಉಳಿದ 150ನ್ನೂ ಕಟ್ಟಿ ತಂದರು. ಹಳೆಯ ಹತ್ತು, ಹೊಸ ಐವತ್ತು, ಒಟ್ಟು ಅರವತ್ತು ಪ್ರತಿಗಳಲ್ಲಿ 25 ಪೂರ್ಣ ಬೆಲೆಗೆ ಹೋದವು, 20 ನಾಲ್ಕರಂತೆ ಹೋದವು, 15 ಹಾಗೆಯೇ ಉಳಿದವು. ಕಳೆದ ವಾರದ ಕ್ಯಾಲೆಂಡರ್‌ಗಿಂತ ವೇಗವಾಗಿ ಹಳಸುವ ಸರಕು ಕಡಿಮೆ. ಬಾಕಿದಾರರಲ್ಲಿ ಮೂವತ್ತೈದು ಮಂದಿ ಕೊಟ್ಟರು. ಐವರದು ಬರಲೇ ಇಲ್ಲ.

ಅಂತಿಮ ಲಾಭ 120. ಪೆಟ್ಟಿಗೆಯಲ್ಲಿ 720. ಈ ಸಲ ಎರಡು ಸಂಖ್ಯೆಗಳೂ ಒಂದೇ ಕಥೆ ಹೇಳುತ್ತಿದ್ದವು: ಹಾಕಿದ ಬಂಡವಾಳ 600, ಅದರ ಮೇಲೆ 120. ಎಲ್ಲ ಬಾಕಿಯೂ ತೀರಿ, ಎಲ್ಲ ದಾಸ್ತಾನೂ ಮುಗಿದ ಮೇಲೆ ಮಾತ್ರ ಲಾಭ ಮತ್ತು ನಗದು ಹೀಗೆ ಒಂದೇ ಕಡೆ ಬಂದು ನಿಲ್ಲುತ್ತವೆ. ನಡೆಯುತ್ತಿರುವ ಉದ್ಯಮದಲ್ಲಿ ಆ ದಿನ ಬರುವುದೇ ಇಲ್ಲ.

ಎರಡನೆಯ ಆದೇಶ ಕೊಡದಿದ್ದರೆ ಏನಾಗುತ್ತಿತ್ತು ಎಂದು ಹುಡುಗಿ ತಾನಾಗಿಯೇ ಲೆಕ್ಕ ಹಾಕಿ ತಂದಳು. ಲಾಭ 190 ಆಗುತ್ತಿತ್ತು. ನನ್ನ ಸಹಿಯ ಬೆಲೆ 70. ಅದನ್ನು ವರದಿಯಲ್ಲಿ ಹಾಕಬಹುದೇ ಎಂದು ವಿನಯದಿಂದ ಕೇಳಿದಳು. ಹಾಕು ಎಂದೆ. ಆ ಆದೇಶ ಇಲ್ಲದಿದ್ದರೂ ಗಡುವಿನ ಹೊತ್ತಿಗೆ 200 ಕೊರತೆ ಬೀಳುತ್ತಲೇ ಇತ್ತು ಎಂಬುದನ್ನೂ ಅವಳೇ ಬರೆದಿದ್ದಳು. ಆದ್ದರಿಂದ ತಪ್ಪೆಲ್ಲ ನನ್ನ ತಲೆಗೆ ಬರಲಿಲ್ಲ.

ನಾವು ಏನು ಬದಲಿಸಿದೆವು

ಲೆಕ್ಕಶಾಸ್ತ್ರದ ಸಹೋದ್ಯೋಗಿಗೆ ಈ ಕಡತ ತೋರಿಸಿದಾಗ ಅವರು ಮೊದಲು ಒಪ್ಪಲಿಲ್ಲ. ನಗದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ತೋರಿಸುವ ನಗದು ಹರಿವಿನ ತಃಖ್ತೆಯನ್ನು ತಾವು ಕಲಿಸುತ್ತೇವೆ, ಸಮಯ ಬಂದಾಗ ಬರುತ್ತದೆ ಎಂದರು. ಆ ತಃಖ್ತೆ ಲೆಕ್ಕಶಾಸ್ತ್ರದಲ್ಲೇ ತಡವಾಗಿ ಬಂದ ಅತಿಥಿ. ಅಮೆರಿಕದಲ್ಲಿ ಅದನ್ನು ಕಡ್ಡಾಯ ಮಾಡಿದ ಮಾನದಂಡ ಹೊರಬಂದದ್ದು 1987ರಲ್ಲಿ. ಅದಕ್ಕೆ ಮೊದಲು ನಡೆದ ಒಂದು ಪ್ರಕರಣವನ್ನು ಇಬ್ಬರೂ ಕೂಡಿ ತರಗತಿಗೆ ತೆಗೆದುಕೊಂಡು ಹೋದೆವು. ಡಬ್ಲ್ಯು. ಟಿ. ಗ್ರಾಂಟ್ ಎಂಬ ಅಮೆರಿಕದ ಚಿಲ್ಲರೆ ಮಾರಾಟ ಕಂಪನಿ, ಸಾವಿರಕ್ಕೂ ಹೆಚ್ಚು ಮಳಿಗೆಗಳು, ಗ್ರಾಹಕರಿಗೆ ಧಾರಾಳ ಉದ್ರಿ. 1975ರಲ್ಲಿ ದಿವಾಳಿ ಅರ್ಜಿ ಹಾಕಿತು. 1980ರಲ್ಲಿ ಇಬ್ಬರು ಲೆಕ್ಕಶಾಸ್ತ್ರ ಪ್ರಾಧ್ಯಾಪಕರು ಅದರ ಹಳೆಯ ಲೆಕ್ಕಗಳನ್ನು ಮತ್ತೆ ತೆರೆದು ನೋಡಿದಾಗ, ಪುಸ್ತಕದಲ್ಲಿ ಲಾಭ ಕಾಣುತ್ತಿದ್ದ ವರ್ಷಗಳಲ್ಲೇ ದಿನನಿತ್ಯದ ವ್ಯವಹಾರದಿಂದ ನಗದು ಬರುವುದರ ಬದಲು ಸೋರಿಹೋಗುತ್ತಿದ್ದುದು ಕಂಡಿತು. ಪಾಠ ಮುಗಿಯುವ ಮೊದಲೇ ಹಿಂದಿನ ಬೆಂಚಿನಿಂದ ಒಂದು ದನಿ: "ಅವರೂ ಕ್ಯಾಲೆಂಡರ್ ಮಾರುತ್ತಿದ್ದರೇ, ಸರ್?"

ಯೋಜನೆಯ ಅಂಕಪಟ್ಟಿಯಲ್ಲಿ ಲಾಭಕ್ಕೆ ಅಂಕವಿತ್ತು, ನಗದಿಗೆ ಇರಲಿಲ್ಲ. ಲಾಭದ ಅಂಕದಲ್ಲಿ ಅರ್ಧವನ್ನು ವಾರವಾರದ ನಗದು ಮುನ್ನಂದಾಜಿಗೆ ವರ್ಗಾಯಿಸಿದೆವು. ಮುಂದಿನ ವರ್ಷದ ತಂಡಗಳಲ್ಲಿ ಎರಡು, ಆ ಮುನ್ನಂದಾಜನ್ನು ವರದಿ ಕೊಡುವ ಹಿಂದಿನ ರಾತ್ರಿ, ನಡೆದು ಮುಗಿದದ್ದನ್ನೆಲ್ಲ ನೋಡಿಕೊಂಡು ತುಂಬಿ ತಂದವು. ಅಂದಾಜು ಮತ್ತು ವಾಸ್ತವ ಪೈಸೆ ಬಿಡದೆ ಹೊಂದಿದ್ದವು. ಹಾಗಾಗಿ ಈಗ ಅದನ್ನು ಮೊದಲ ವಾರದಲ್ಲೇ ಸಹಿ ಮಾಡಿಸಿ ನಮ್ಮ ಬಳಿ ಇಟ್ಟುಕೊಳ್ಳುತ್ತೇವೆ, ತಪ್ಪಿದ ಅಂದಾಜಿಗೆ ಅಂಕ ಕಳೆಯುವುದಿಲ್ಲ.

ಪರೀಕ್ಷೆಯ ಪ್ರಕರಣ ಪ್ರಶ್ನೆಗಳ ಬಗ್ಗೆ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ನಡೆದ ಪ್ರಕರಣವನ್ನು ಮುಂದಿಟ್ಟು ಕಲಿಸುವ ಈ ಬಗೆಯ ಬೋಧನೆ ಹುಟ್ಟಿದ್ದು ಕಾನೂನು ಕಾಲೇಜಿನಲ್ಲಿ. 1870ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನೂನು ಶಾಲೆಯಲ್ಲಿ ಪ್ರಾಧ್ಯಾಪಕ ಲ್ಯಾಂಗ್‌ಡೆಲ್ ತೀರ್ಪುಗಳನ್ನೇ ಪಾಠವಾಗಿಸಿದರು, 1908ರಲ್ಲಿ ಆರಂಭವಾದ ಅಲ್ಲಿಯ ವ್ಯವಹಾರ ಶಾಲೆ ಆಮೇಲೆ ಅದನ್ನು ಎರವಲು ಪಡೆಯಿತು. ಅಲ್ಲಿ ಪ್ರಶ್ನೆ, ಆ ಕುರ್ಚಿಯಲ್ಲಿ ನೀವಿದ್ದರೆ ಏನು ಮಾಡುತ್ತೀರಿ ಎಂಬುದು. ಶಾಲೆಯ ಪ್ರಶ್ನೆಪತ್ರಿಕೆಗೆ ಬರುವಷ್ಟರಲ್ಲಿ ಅದು, ಈ ಸನ್ನಿವೇಶದಲ್ಲಿ ಅಡಗಿರುವ ತತ್ವವನ್ನು ಹೆಸರಿಸಿ, ಸಂಬಂಧಪಟ್ಟ ಸಾಲನ್ನು ಎತ್ತಿ ಬರೆಯಿರಿ ಎಂದಾಗಿಬಿಟ್ಟಿದೆ. ಒಗಟು ಬಿಡಿಸುವವರಿಗೆ ಅಂಕ. ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ಅಂತಿಮ ಪರೀಕ್ಷೆಯಲ್ಲಿ ಉದ್ರಿ ಮಾರಾಟದ ಪ್ರಶ್ನೆ ಬಂದಾಗ ಆ ಹುಡುಗಿ ಅನುಕೂಲಗಳನ್ನು ಬರೆದು, ಅವು ನಿಜವಾಗಲು ಗಡುವು, ಮಿತಿ, ಕೈಯಲ್ಲಿರುವ ನಗದು ಈ ಮೂರನ್ನೂ ನೋಡಬೇಕೆಂದು ಒಂದು ಪುಟ ಹೆಚ್ಚಾಗಿ ಬರೆದು ಬಂದಳಂತೆ. ಅದಕ್ಕೆ ಅಂಕ ಬಂತೋ ಇಲ್ಲವೋ ತಿಳಿಯುವ ದಾರಿಯಿಲ್ಲ.

ಶಾಲೆ ಬಿಡುವ ವಾರ ಅವಳು ಕಡತ ಒಪ್ಪಿಸಲು ಬಂದಳು. ಕೊನೆಯ ಹಾಳೆಯಲ್ಲಿ ಮುಳುಗಿದ ಸಾಲ 50 ಎಂದು ಬರೆದು ಕೆಳಗೆ ಐವರ ಹೆಸರು ಕೊಟ್ಟಿದ್ದಳು. ಮೂರನೆಯ ಹೆಸರು ನನ್ನದು. ಆ ಕ್ಯಾಲೆಂಡರ್ ನಮ್ಮಿಬ್ಬರ ನಡುವೆ ಮೇಜಿನ ಮೇಲೆಯೇ ನಿಂತಿತ್ತು. ನಾನು ಜೇಬಿಗೆ ಕೈ ಹಾಕಿ ಹತ್ತನ್ನು ತೆಗೆದು ಮುಂದಿಟ್ಟು, ಪಟ್ಟಿಯಿಂದ ನನ್ನ ಹೆಸರನ್ನು ಹೊಡೆದುಹಾಕು ಎಂದೆ.

"ಹಾಗೆ ಬರುವುದಿಲ್ಲ ಸರ್" ಎಂದಳು. "ತಳ್ಳಿಹಾಕಿದ ಮೇಲೆ ಬಂದ ಹಣ ನಿಮ್ಮ ಹೆಸರಿಗೆ ಜಮಾ ಆಗುವುದಿಲ್ಲ. ಮುಳುಗಿದ ಸಾಲದ ವಸೂಲಿ ಎಂದು ಬೇರೆ ಬರೆಯಬೇಕು." ಬರೆದಳು. ಆಮೇಲೆ ಹತ್ತನ್ನು ಆರು ಪಾಲು ಮಾಡುವುದು ಹೇಗೆಂದು ಯೋಚಿಸುತ್ತ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಕುಳಿತಳು.